‘ರೆಗರ್’ ಶಬ್ದದ ಸಂಚಾರವೂ ನಮ್ಮ ಎರೆ ಭೂಮಿಯೂ

ಶ್ರೀಮಠದ ವಿದ್ಯಾಲಯದ ಈ ಸ್ಮರಣ ಸಂಚಿಕೆಗೆ ಭಾಷಾವಿಷಯಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ತಿಳಿಸಿದಾಗ, ಹಳಗನ್ನಡದ ಯಾವುದಾದರೊಂದು ಶಬ್ದವನ್ನು ವಿಚಾರಕ್ಕೆ ಎತ್ತಿಕೊಳ್ಳೋಣವೆಂದು ಮೊದಲು ಎಣಿಸಿದ್ದೆನು. ಆದರೆ ಕಳೆದ ವರ್ಷ ನನ್ನ ತರಗತಿಯಲ್ಲಿ ನಡೆದ ಒಂದು ಚಿಕ್ಕ ಪ್ರಸಂಗವು ಮನಸ್ಸನ್ನು ಬೇರೊಂದು ಶಬ್ದದ ಕಡೆಗೆ ಎಳೆಯಿತು. ಆ ಪ್ರಸಂಗದಲ್ಲಿ ತಪ್ಪು ನನ್ನದೇ ಆಗಿದ್ದುದರಿಂದ ಅದನ್ನು ಇಲ್ಲಿ ನಿವೇದಿಸಿಕೊಂಡು ಮುಂದುವರಿಯುವುದು ಉಚಿತವೆಂದು ಭಾವಿಸುತ್ತೇನೆ.

ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ನಮ್ಮ ಹೊಲ’ ಎಂಬ ಪ್ರಬಂಧವನ್ನು ಬರೆಯಲು ಕೊಟ್ಟಿದ್ದೆನು. ನಮ್ಮ ವಿದ್ಯಾಲಯಕ್ಕೆ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಹಳ್ಳಿಗಳಿಂದ ಒಕ್ಕಲು ಮಕ್ಕಳೇ ಹೆಚ್ಚಾಗಿ ಬರುತ್ತಾರೆ. ವಿಷಯ ಅವರಿಗೆ ಸಹಜವಾದುದು. ಒಬ್ಬ ಹುಡುಗನು ತನ್ನ ಪ್ರಬಂಧವನ್ನು ‘ನಮ್ಮದು ಎರಿ ಹೊಲ’ ಎಂದು ಆರಂಭಿಸಿದ್ದನು. ನಾನು ‘ಎರಿ’ ಎಂಬುದರ ಕೆಳಗೆ ಕೆಂಪು ಶಾಯಿಯಿಂದ ಗೆರೆ ಎಳೆದು ಪಕ್ಕದಲ್ಲಿ ‘ಗ್ರಾಮ್ಯ’ ಎಂದು ಬರೆದೆನು. ಮರುದಿನ ಅವನು ತಿದ್ದಿ ತಂದ ಪುಟದಲ್ಲಿ ‘ನಮ್ಮದು ರೆಗರ್ ಮಣ್ಣಿನ ಹೊಲ’ ಎಂದಿತ್ತು. ಇದೆಲ್ಲಿಯ ಶಬ್ದವಪ್ಪಾ ಎಂದು ಕೇಳಿದೆನು. ಹುಡುಗನು, “ನಮ್ಮಪ್ಪ ಎರಿ ಅಂತಾನ್ರಿ ಗುರುಗಳ. ಭೂಗೋಲದ ಪುಸ್ತಕದಾಗ ರೆಗರ್ ಅಂತ ಐತ್ರಿ. ಎರಡರಾಗ ಖರೇ ಶಬ್ದ ಯಾವುದ್ರಿ?” ಎಂದನು. ಶಬ್ದಮಣಿದರ್ಪಣವನ್ನು ಗುರುಮುಖದಿಂದ ಪಾಠ ಹೇಳಿಸಿಕೊಂಡವನೆಂಬ ಅಭಿಮಾನವುಳ್ಳ ನನಗೆ ಆ ಕ್ಷಣದಲ್ಲಿ ಉತ್ತರ ತೋಚಲಿಲ್ಲ. ಈ ಲೇಖನವು ಆ ಹುಡುಗನಿಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ವಾಚಕರು ತಿಳಿಯಬೇಕು.

ಶಬ್ದದ ಮೂಲ

‘ರೆಗರ್’ ಎಂಬುದು ಇಂಗ್ಲಿಷ್ ಭಾಷೆಯ ಅಪರೂಪದ ಶಬ್ದಗಳಲ್ಲಿ ಒಂದು. ಇಂಗ್ಲಿಷರ ಮನೆಮಾತಿನಲ್ಲಿ ಅದು ಎಂದೂ ಬಳಕೆಯಾದುದಲ್ಲ. ದಖ್ಖಣದ ಕಪ್ಪು ನೆಲವನ್ನು ಹೆಸರಿಸಬೇಕಾದಾಗ ಕಂಪನಿಯ ಕಂದಾಯ ಅಧಿಕಾರಿಗಳೂ ಸೈನ್ಯಾಧಿಕಾರಿಗಳೂ ಭೂಗರ್ಭ ಶಾಸ್ತ್ರಜ್ಞರೂ ಅದನ್ನು ನಮ್ಮ ನಾಡಿನಿಂದಲೇ ಎತ್ತಿಕೊಂಡರು. ಎಚ್. ಎಚ್. ವಿಲ್ಸನ್ನರು ೧೮೫೫ರಲ್ಲಿ ಪ್ರಕಟಿಸಿದ ನ್ಯಾಯ ಹಾಗೂ ಕಂದಾಯ ಪದಗಳ ಕೋಶದಲ್ಲಿ ಇದರ ಮೂಲರೂಪವನ್ನು ತೆಲುಗು ಎಂದು ಗುರುತಿಸಿದ್ದಾರೆ. ತೆಲುಗಿನಲ್ಲಿ ರೇಗಡ, ರೇಗಡಿ ಎಂದರೆ ಜಿಗುಟು ಮಣ್ಣು. ಇಂದಿಗೂ ತೆಲುಗರು ಕಪ್ಪು ನೆಲವನ್ನು ‘ನಲ್ಲರೇಗಡಿ’ ಎನ್ನುತ್ತಾರೆ. ‘ನಲ್ಲ’ ಎಂದರೆ ಕಪ್ಪು. ಕಪ್ಪು ಎಂಬ ವಿಶೇಷಣವನ್ನು ಬೇರೆಯಾಗಿ ಸೇರಿಸಬೇಕಾಗಿರುವುದರಿಂದ ರೇಗಡಿಯ ಮೂಲಾರ್ಥವು ಬಣ್ಣವನ್ನಲ್ಲ, ಜಿಗುಟುತನವನ್ನು ಹಿಡಿದದ್ದೆಂದು ಸ್ಪಷ್ಟವಾಗುತ್ತದೆ. ಇಂಗ್ಲಿಷಿಗೆ ದಾಟುವಾಗ ವಿಶೇಷಣವು ಬಿದ್ದುಹೋಗಿ, ಅದರ ಅರ್ಥ ಮಾತ್ರ ವಿಶೇಷ್ಯದೊಳಗೆ ಉಳಿಯಿತು. ಆದುದರಿಂದ ತೆಲುಗಿನಲ್ಲಿ ‘ಜಿಗುಟು ಮಣ್ಣು’ ಆಗಿದ್ದುದು ಇಂಗ್ಲಿಷಿನಲ್ಲಿ ‘ಕಪ್ಪು ಮಣ್ಣು’ ಆಯಿತು. ಅರ್ಥಸಂಕೋಚಕ್ಕೆ ಇದು ಒಳ್ಳೆಯ ಉದಾಹರಣೆ.

ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ಆಂಗ್ಲೋ-ಇಂಡಿಯನ್ ಪದಗಳನ್ನು ಸಂಗ್ರಹಿಸಿ ೧೮೮೬ರಲ್ಲಿ ಹೊರತಂದ ‘ಹಾಬ್ಸನ್-ಜಾಬ್ಸನ್’ ಎಂಬ ಪ್ರಸಿದ್ಧ ಕೋಶದಲ್ಲಿಯೂ ಈ ಶಬ್ದಕ್ಕೆ ಸ್ಥಾನವಿದೆ. ಅಲ್ಲಿ ಪಾರಸಿಯ ‘ರೇಗ್’, ಅಂದರೆ ಮರಳು, ಎಂಬುದರ ಸಂಬಂಧವಿರಬಹುದೆಂಬ ಸೂಚನೆಯನ್ನೂ ಕೊಟ್ಟಿದ್ದಾರೆ. ೧೯೦೩ರ ಪರಿಷ್ಕೃತ ಆವೃತ್ತಿಯಲ್ಲಿ ಸಂಸ್ಕೃತದ ‘ರೇಖಾ’ ಶಬ್ದದಿಂದ, ಅಂದರೆ ನೇಗಿಲ ಸಾಲಿನ ಗೆರೆಯಿಂದ, ಸಾಧಿಸುವ ಮತ್ತೊಂದು ಅಭಿಪ್ರಾಯವೂ ಸೇರಿತು. ಮರಳಿನ ಕಣ ಅತ್ಯಲ್ಪವಾದ ಮಣ್ಣಿಗೆ ಮರಳಿನ ಹೆಸರನ್ನು ಇಟ್ಟಿದ್ದಾರೆಂಬುದು ಎರೆ ಹೊಲದಲ್ಲಿ ಮಳೆಗಾಲದಲ್ಲಿ ಒಮ್ಮೆ ಕಾಲಿಟ್ಟವರಿಗೆ ಒಪ್ಪಿಗೆಯಾಗದು. ತೆಲುಗಿನ ಮೂಲವೇ ಹೆಚ್ಚು ಯುಕ್ತವಾದುದು.

ಇನ್ನು ಧ್ವನಿಯ ವಿಷಯ. ರೇಗಡಿಯು ದಖನಿ ಹಿಂದುಸ್ತಾನಿಯಲ್ಲಿ ಇಕಾರವನ್ನು ಕಳೆದುಕೊಂಡಿತು. ಅಲ್ಲಿಯ ಡಕಾರವು ಇಂಗ್ಲಿಷರ ಕಿವಿಗೆ ರಕಾರದಂತೆ ಕೇಳಿಸಿತು. ನಮ್ಮವರಿಗೆ ಇದನ್ನು ತಿಳಿಸಲು ದೂರದ ಉದಾಹರಣೆ ಬೇಕಿಲ್ಲ. ‘ಧಾರವಾಡ’ವು ಇಂಗ್ಲಿಷ್ ಕಾಗದಪತ್ರಗಳಲ್ಲಿ ‘ಧಾರ್ವಾರ್’ ಆದುದು ಇದೇ ಕ್ರಮದಿಂದ. ಭೂಗರ್ಭ ಶಾಸ್ತ್ರಜ್ಞರು ನಮ್ಮ ಪ್ರಾಚೀನ ಶಿಲೆಗಳಿಗೆ ಇಟ್ಟ ಹೆಸರಿನಲ್ಲಿ ಇಂದಿಗೂ ಆ ರಕಾರವೇ ನಿಂತಿದೆ. ಹೀಗೆ ದೀರ್ಘವು ಹ್ರಸ್ವವಾಗಿ, ಡಕಾರವು ರಕಾರವಾಗಿ, ತೆಲುಗಿನ ಒಕ್ಕಲಿಗನ ರೇಗಡಿಯು ಕೊನೆಗೆ ಕನ್ನಡ ಪಠ್ಯಪುಸ್ತಕಕ್ಕೆ ‘ರೆಗರ್’ ಎಂಬ ಪರದೇಶಿ ವೇಷದಲ್ಲಿ ಬಂದು ಕುಳಿತಿದೆ.

ಎರೆಯೂ ರೇಗಡಿಯೂ ಒಂದೆಯೆ?

ಇಲ್ಲಿ ಕನ್ನಡಾಭಿಮಾನಿಗಳಿಗೆ ಒಂದು ಆಸೆ ಹುಟ್ಟುವುದು ಸಹಜ, ನನಗೂ ಹುಟ್ಟಿತು. ಕನ್ನಡದ ‘ಎರಡು’ ತೆಲುಗಿನಲ್ಲಿ ‘ರೆಂಡು’ ಆಗುತ್ತದೆ. ‘ಒರಳು’ ‘ರೋಲು’ ಆಗುತ್ತದೆ. ‘ಇರುಳು’ ‘ರೇಯಿ’ ಆಗುತ್ತದೆ. ಮೊದಲ ಸ್ವರವು ಜಾರಿ ರಕಾರವು ಮುಂದೆ ಬರುವುದು ತೆಲುಗಿನ ಪ್ರಸಿದ್ಧ ಲಕ್ಷಣ. ಹಾಗಾದರೆ ನಮ್ಮ ‘ಎರೆ’ಯೇ ತೆಲುಗಿನಲ್ಲಿ ‘ರೇ’ ಆಗಿ, ರೇಗಡಿಯಾಗಿ, ಇಂಗ್ಲಿಷಿಗೆ ಹೋಯಿತೆಂದು ಏಕೆ ಹೇಳಬಾರದು?

ಹೇಳಬಾರದು. ಏಕೆಂದರೆ ಧ್ವನಿ ಕೂಡಿಬಂದ ಮಾತ್ರಕ್ಕೆ ಶಬ್ದ ಕೂಡಿಬಂದಂತಾಗದು. ‘ಗಡಿ’ ಎಂಬ ಉತ್ತರಭಾಗಕ್ಕೆ ಈ ಊಹೆಯಲ್ಲಿ ಸಮಾಧಾನವಿಲ್ಲ. ಅಲ್ಲದೆ ತೆಲುಗಿನಲ್ಲಿ ‘ಎರ್ರನೇಲ’ ಎಂದರೆ ಕೆಂಪು ನೆಲ. ನಮ್ಮಲ್ಲಿ ‘ಎರೆನೆಲ’ ಎಂದರೆ ಕಪ್ಪು ನೆಲ. ಕಿವಿಗೆ ಅಕ್ಕತಂಗಿಯರಂತೆ ಕೇಳುವ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವಾದ ನೆಲಗಳನ್ನು ತೋರಿಸುತ್ತವೆ. ಬರಿಯ ಕಿವಿಯನ್ನು ನಂಬಿ ವ್ಯುತ್ಪತ್ತಿ ಹೇಳಹೊರಟವನು ಮಸಾರಿಯ ಬೀಜವನ್ನು ಎರೆಯಲ್ಲಿ ಬಿತ್ತಿದಂತಾದೀತು. ಕನ್ನಡದ ಹಿರಿಮೆಯನ್ನು ಎತ್ತಿಹಿಡಿಯಲು ನೆರೆಯವರ ಶಬ್ದವನ್ನು ನಮ್ಮದೆನ್ನುವ ಅಗತ್ಯವಿಲ್ಲ. ನಮ್ಮದಾದ ಶಬ್ದವನ್ನು ನಾವು ಕೈಬಿಡದಿದ್ದರೆ ಸಾಕು.

‘ಎರೆ’ ಎಂಬ ರೂಪದಲ್ಲಿ ಕನ್ನಡದಲ್ಲಿ ಹಲವು ಶಬ್ದಗಳಿವೆ. ಒಡೆಯನೆಂಬ ಅರ್ಥದ ‘ಎಱೆ’ಯಲ್ಲಿ ಹಿಂದೆ ಶಕಟರೇಫವಿತ್ತು, ಬೇಡು ಎಂಬ ಅರ್ಥದ ‘ಎರೆ’ಯಲ್ಲಿ ಸಾಧಾರಣ ರೇಫ. ನೀರೆರೆ ಎಂಬಲ್ಲಿ ಸುರಿ ಎಂದರ್ಥ. ಎರೆಹುಳು ಎಂಬಲ್ಲಿ ಮತ್ತೊಂದು. ಶಕಟರೇಫವು ಬರವಣಿಗೆಯಿಂದ ಮರೆಯಾದ ಮೇಲೆ ಇವೆಲ್ಲವೂ ಒಂದೇ ಅಂಗಿ ತೊಟ್ಟು ನಿಂತಿವೆ. ನೆಲವನ್ನು ಹೇಳುವ ಎರೆಯು ಇವುಗಳಿಂದ ಬೇರೆಯಾದುದು. ಕಿಟ್ಟೆಲರು ತಮ್ಮ ೧೮೯೪ರ ನಿಘಂಟಿನಲ್ಲಿ ‘ಎರೆ’ಗೆ ಕಪ್ಪುಗಂದು ಛಾಯೆಯ ಬಣ್ಣವೆಂಬ ಅರ್ಥವನ್ನು ಕೊಟ್ಟಿದ್ದಾರೆ. ಎಂದರೆ ತೆಲುಗಿನವನು ಮಣ್ಣನ್ನು ಕೈಯಿಂದ ಮುಟ್ಟಿ ಹೆಸರಿಟ್ಟನು. ಕನ್ನಡಿಗನು ಕಣ್ಣಿನಿಂದ ಕಂಡು ಹೆಸರಿಟ್ಟನು. ರೋಣದ ಕಡೆಯ ಯರೇಬೇಲೇರಿ, ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಎಂಬ ಊರ ಹೆಸರುಗಳನ್ನು ಕೇಳಿದೊಡನೆ ಈ ಸೀಮೆಯ ಜನರು ನೆಲದ ಬಣ್ಣವನ್ನೇ ನೆನೆಯುತ್ತಾರೆ. ಊರ ಹೆಸರಿನಲ್ಲಿ ನಿಲ್ಲುವಷ್ಟು ಬೇರುಬಿಟ್ಟ ಶಬ್ದವನ್ನು ನಾನು ಗ್ರಾಮ್ಯವೆಂದು ಕೆಂಪು ಗೆರೆ ಎಳೆದಿದ್ದೆನು!

ಕಂದಾಯದ ಶಬ್ದ

ಹಾಗಿದ್ದರೆ ಇಂಗ್ಲಿಷರು ಎರೆಯನ್ನು ಬಿಟ್ಟು ರೇಗಡಿಯನ್ನು ಏಕೆ ಹಿಡಿದರು? ಅದರ ಕಾರಣವು ಭಾಷೆಯಲ್ಲಿಲ್ಲ, ಆಡಳಿತದಲ್ಲಿದೆ. ೧೮೦೦ರಲ್ಲಿ ಬಳ್ಳಾರಿ, ಕಡಪ ಮುಂತಾದ ಸೀಮೆಗಳು ನಿಜಾಮರಿಂದ ಕಂಪನಿಗೆ ದತ್ತವಾದವು. ಅಲ್ಲಿ ಮದ್ರಾಸ್ ಇಲಾಖೆಯ ಅಧಿಕಾರಿಗಳು ತೆಲುಗು ಮಾತಿನ ನಡುವೆ ಕಪ್ಪು ನೆಲವನ್ನು ಅಳೆದರು. ಮದ್ರಾಸಿನ ಭೂ ಕಂದಾಯ ವ್ಯವಸ್ಥೆಯಲ್ಲಿ ‘ರೆಗರ್’ ಎಂಬುದು ಮಣ್ಣಿನ ಒಂದು ದರ್ಜೆಯ ಅಧಿಕೃತ ಹೆಸರಾಯಿತು. ಮಣ್ಣಿನ ಗುಣವನ್ನು ಹೇಳುತ್ತಿದ್ದ ಮಾತು ತೆರಿಗೆಯ ದರವನ್ನು ಹೇಳತೊಡಗಿತು. ಇದು ಈ ಶಬ್ದದ ಎರಡನೆಯ ಅರ್ಥ.

ನಮ್ಮ ಸೀಮೆಯ ಕಥೆ ಬೇರೆ. ಧಾರವಾಡ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿತ್ತು. ನರಗುಂದವು ಸಂಸ್ಥಾನವಾಗಿದ್ದು ೧೮೫೮ರ ಬಂಡಾಯದ ತರುವಾಯ ಬ್ರಿಟಿಷರ ವಶವಾಯಿತು. ಮುಂಬಯಿಯ ಪದ್ಧತಿಯನ್ನು ರೂಪಿಸಿದ ವಿಂಗೇಟ್ ಮೊದಲಾದ ಅಧಿಕಾರಿಗಳು ಮಣ್ಣನ್ನು ಅದರ ಬಣ್ಣ, ಆಳ ಮತ್ತು ದೋಷಗಳಿಂದ ಒಂಬತ್ತು ದರ್ಜೆಗಳಾಗಿ ವಿಂಗಡಿಸಿ, ಉತ್ತಮ ನೆಲಕ್ಕೆ ಹದಿನಾರು ಆಣೆ, ಕನಿಷ್ಠಕ್ಕೆ ಎರಡಾಣೆ ಎಂದು ಬೆಲೆ ಕಟ್ಟಿದರು. ಈ ಲೆಕ್ಕದಲ್ಲಿ ಎರೆಯೂ ಬರಲಿಲ್ಲ, ರೆಗರೂ ಬರಲಿಲ್ಲ. ‘ಕಪ್ಪು’ ಎಂಬ ಬಣ್ಣದ ಮಾತೇ ಸಾಕಾಯಿತು. ಹೀಗೆ ಒಂದೇ ನೆಲವು ತುಂಗಭದ್ರೆಯ ಆಚೆ ರೆಗರ್, ಈಚೆ ಆಣೆ ಎನಿಸಿತು.

ನೆಲಕ್ಕೆ ಹೆಸರಿಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿಯೇ ಅದರ ಮೇಲಣ ತೆರಿಗೆಯೂ ಇರುತ್ತದೆಂಬುದನ್ನು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಮಲಪ್ರಭಾ ಕಾಲುವೆಯಿಂದ ಭೂಮಿಯು ‘ಸುಧಾರಿಸಿತು’ ಎಂದು ವಿಧಿಸಿದ ಕರವನ್ನು ವಿರೋಧಿಸಿ ೧೯೮೦ರ ಜುಲೈ ೨೧ರಂದು ನರಗುಂದ, ನವಲಗುಂದಗಳಲ್ಲಿ ರೈತರು ಎದ್ದುನಿಂತರು. ಗೋಲೀಬಾರಿನಲ್ಲಿ ರೈತರ ಪ್ರಾಣಹಾನಿಯಾಯಿತು. ‘ಸುಧಾರಣೆ’ ಎಂಬ ಒಂದು ಶಬ್ದದ ಅರ್ಥವನ್ನು ಕಚೇರಿಯು ಒಂದು ಬಗೆಯಾಗಿಯೂ ಹೊಲವು ಇನ್ನೊಂದು ಬಗೆಯಾಗಿಯೂ ತಿಳಿದುದರ ಫಲವದು. ಶಬ್ದಾರ್ಥವೆಂಬುದು ಪಂಡಿತರ ಮನೆಯ ವಿನೋದ ಮಾತ್ರವಲ್ಲ.

ಶಾಸ್ತ್ರದ ಶಬ್ದ

ಮೂರನೆಯ ಅರ್ಥವನ್ನು ಕೊಟ್ಟವರು ಭೂಗರ್ಭ ಶಾಸ್ತ್ರಜ್ಞರು. ಮದ್ರಾಸ್ ಸೈನ್ಯದ ಅಧಿಕಾರಿ ನ್ಯೂಬೋಲ್ಡ್ ಎಂಬವರು ೧೮೩೦–೪೦ರ ದಶಕಗಳಲ್ಲಿ ದಕ್ಷಿಣ ಭಾರತವನ್ನು ಸಂಚರಿಸಿ ಈ ಮಣ್ಣಿನ ಮೇಲೆ ಬರೆದರು. ಅದು ಹಿಂದಿನ ಜಲರಾಶಿಯ ತಳದಲ್ಲಿ ನಿಂತ ಕೆಸರೋ, ಸ್ಥಳದ ಕಲ್ಲೇ ಸವೆದು ಆದುದೋ ಎಂಬ ಚರ್ಚೆ ಬಹುಕಾಲ ನಡೆಯಿತು. ೧೮೭೯ರ ಭಾರತ ಭೂಗರ್ಭ ಕೈಪಿಡಿಯಲ್ಲಿ ಈ ಮಣ್ಣಿನ ವಿಸ್ತಾರವಾದ ವಿಚಾರವಿದೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಖ್ಯಾತ ವಿದ್ವಾಂಸರು ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳ ಭೂಗರ್ಭ ವಿವರವನ್ನು ೧೮೭೬ರಲ್ಲಿ ಪ್ರಕಟಿಸಿದರು. ‘ಎರೆ’ ಎಂದು ಒಕ್ಕಲಿಗರು ಕರೆಯುತ್ತಿದ್ದ ನೆಲವು ಲಂಡನ್ನಿನ ಗ್ರಂಥಾಲಯಗಳಲ್ಲಿ ‘ರೆಗರ್’ ಎಂದು ಪ್ರಸಿದ್ಧಿ ಪಡೆಯಿತು.

ರಷ್ಯಾ ದೇಶದ ‘ಚೆರ್ನೋಜೆಮ್’ ಎಂಬ ಪ್ರಸಿದ್ಧ ಕಪ್ಪು ಮಣ್ಣಿನೊಡನೆ ನಮ್ಮದನ್ನು ಹೋಲಿಸಿದವರೂ ಉಂಟು. ಆ ಶಬ್ದದ ಅರ್ಥವೂ ಕಪ್ಪು ಭೂಮಿಯೆಂದೇ. ಆದರೆ ಅಲ್ಲಿಯ ಕಪ್ಪು ಹುಲ್ಲುಗಾವಲಿನ ಬೇರುಗಳು ಕೊಳೆತು ಕೂಡಿದ ಸಾರದಿಂದ ಬಂದದ್ದು; ನಮ್ಮ ಎರೆಯಲ್ಲಿ ಅಂಥ ಸಾರವು ಬಹು ಕಡಿಮೆ, ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲೂ ಇಲ್ಲ. ನಮ್ಮ ಎರೆಯ ಮಹಿಮೆಯು ಅದರ ಜೇಡಿಯಲ್ಲಿದೆ. ಮಳೆ ಬಿದ್ದಾಗ ಈ ಜೇಡಿಯು ನೀರು ಕುಡಿದು ಉಬ್ಬುತ್ತದೆ. ಬೇಸಗೆಯಲ್ಲಿ ಕುಗ್ಗಿ ಆಳವಾಗಿ ಬಿರಿಯುತ್ತದೆ. ಹಿಡಿದ ನೀರನ್ನು ತಿಂಗಳುಗಟ್ಟಲೆ ಬಿಡದಿರುವುದರಿಂದಲೇ ಹಿಂಗಾರಿಯ ಬಿಳಿಜೋಳ, ಕಡಲೆ, ಗೋಧಿ, ಕುಸುಬೆಗಳು ಮಳೆ ನಿಂತ ಮೇಲೆಯೂ ಬೆಳೆದು ನಿಲ್ಲುತ್ತವೆ. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಲು ಹೋದಾಗ ಹೊಲವು ಹಸಿರಾಗಿ ಕಾಣುವುದು ಈ ಜೇಡಿಯ ದಾಸೋಹವೇ ಸರಿ. ಇಂಥ ಜೇಡಿಯ ಮುಖ್ಯ ಖನಿಜಕ್ಕೆ ಶಾಸ್ತ್ರಜ್ಞರು ಫ್ರಾನ್ಸ್ ದೇಶದ ಮಾಂಟ್‌ಮೋರಿಯಾನ್ ಎಂಬ ಊರಿನ ಹೆಸರನ್ನು ಇಟ್ಟಿದ್ದಾರೆ. ನಮ್ಮ ಹೊಲದ ಮಣ್ಣಿಗೆ ತೆಲುಗರ ಹೆಸರು. ಆ ಮಣ್ಣಿನೊಳಗಣ ಕಣಕ್ಕೆ ಫ್ರೆಂಚರ ಊರಿನ ಹೆಸರು!

ಹತ್ತಿಯ ನೆಲ, ಹಗೆಯ ನೆಲ

ಕಾಲಕ್ರಮದಲ್ಲಿ ‘ರೆಗರ್’ ಎಂಬುದರ ಪಕ್ಕದಲ್ಲಿ ‘ಕಪ್ಪು ಹತ್ತಿ ಮಣ್ಣು’ ಎಂಬ ಇನ್ನೊಂದು ಹೆಸರು ಬಂದಿತು. ೧೮೪೦ರ ದಶಕದಿಂದ ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿಯನ್ನು ಬೆಳೆಸುವ ಪ್ರಯತ್ನಗಳು ನಡೆದವು. ೧೮೬೧ರಿಂದ ೧೮೬೫ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ ನಮ್ಮ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಗಿರಣಿಯ ಕಣ್ಣಿನಿಂದ ನೋಡಿದವರಿಗೆ ಈ ನೆಲವು ಜೋಳದ ನೆಲವಲ್ಲ, ಹತ್ತಿಯ ನೆಲವಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಅದೇ ಹೆಸರು ಕಟ್ಟಡ ಕಟ್ಟುವವರ ಬಾಯಿಗೆ ಬಿದ್ದು ಮತ್ತೊಂದು ಅರ್ಥವನ್ನು ತಾಳಿತು. ಇಂದು ಇಂಜಿನಿಯರರೂ ಗುತ್ತಿಗೆದಾರರೂ ‘ಬಿ. ಸಿ. ಸಾಯಿಲ್’ ಎಂದರೆ ಅದು ಹೊಗಳಿಕೆಯ ಮಾತಲ್ಲ. ಉಬ್ಬಿ ಕುಗ್ಗಿ ಗೋಡೆಯನ್ನು ಸೀಳುವ, ರಸ್ತೆಯನ್ನು ಅಲೆಯಂತೆ ಎಬ್ಬಿಸುವ ಹಗೆಯ ಹೆಸರು ಅದು. ರೂರ್ಕಿಯ ಕಟ್ಟಡ ಸಂಶೋಧನ ಸಂಸ್ಥೆಯವರು ಇಂಥ ನೆಲಕ್ಕಾಗಿಯೇ ಬುಡದಲ್ಲಿ ಗೆಡ್ಡೆಯಂತೆ ದಪ್ಪನಾದ ಕಾಂಕ್ರೀಟು ಕಂಬಗಳ ಅಡಿಪಾಯವನ್ನು ರೂಪಿಸಬೇಕಾಯಿತು. ಒಂದೇ ಗುಣವು ಒಕ್ಕಲಿಗನಿಗೆ ವರ, ಕಟ್ಟುವವನಿಗೆ ಶಾಪ. ವಸ್ತುವು ಬದಲಾಗಲಿಲ್ಲ, ಅದರ ಮೇಲೆ ನಿಂತವನ ಉದ್ಯೋಗವು ಬದಲಾಯಿತು.

ಸಿಂಹಾಸನದಿಂದ ಇಳಿದ ಶಬ್ದ

೧೯೬೦ರಲ್ಲಿ ಅಮೆರಿಕದ ಮಣ್ಣುವಿಜ್ಞಾನಿಗಳು ಪ್ರಪಂಚದ ಎಲ್ಲ ಮಣ್ಣುಗಳಿಗೂ ಒಂದು ಹೊಸ ವರ್ಗೀಕರಣವನ್ನು ಪ್ರಕಟಿಸಿದರು. ಭಾರತದ ರೆಗರ್, ಮೊರಾಕ್ಕೋದ ತೀರ್ಸ್ ಮೊದಲಾದ ದೇಶೀ ಹೆಸರುಗಳಿಗೆ ಬದಲಾಗಿ ‘ವರ್ಟಿಸಾಲ್’ ಎಂಬ ಒಂದೇ ಹೆಸರು ಬಂದಿತು. ಲ್ಯಾಟಿನ್ನಿನ ‘ವರ್ತೆರೆ’ ಎಂದರೆ ತಿರುಗಿಸು. ನಮ್ಮ ಸಂಸ್ಕೃತದ ‘ವೃತ್’ ಧಾತುವಿಗೆ ಅದು ಒಡಹುಟ್ಟಿದುದು. ವರ್ತುಲ, ಆವರ್ತ ಎಂಬಲ್ಲಿ ಅದೇ ಧಾತು ಇದೆ. ಬೇಸಗೆಯಲ್ಲಿ ಮೇಲಿನ ಪುಡಿಮಣ್ಣು ಬಿರುಕುಗಳೊಳಗೆ ಉದುರುತ್ತದೆ. ಮಳೆ ಬಂದು ಒಳಗಣ ಜೇಡಿ ಉಬ್ಬಿದಾಗ ಕೆಳಗಿನದು ಮೇಲಕ್ಕೆ ತಳ್ಳಲ್ಪಡುತ್ತದೆ. ಹೀಗೆ ತನ್ನನ್ನು ತಾನೇ ಮಗುಚಿಕೊಳ್ಳುವ ನೆಲವೆಂಬುದು ಆ ಹೆಸರಿನ ಭಾವ. ನಿಜಕ್ಕೂ ಅರ್ಥವತ್ತಾದ ನಾಮಕರಣವಿದು.

ಅಂದಿನಿಂದ ಅಂತಾರಾಷ್ಟ್ರೀಯ ಶಾಸ್ತ್ರದಲ್ಲಿ ‘ರೆಗರ್’ ತನ್ನ ಪಟ್ಟವನ್ನು ಕಳೆದುಕೊಂಡಿತು. ಆದರೆ ನಮ್ಮ ಶಾಲೆಯ ಪಾಠಗಳಲ್ಲಿ ಅದು ಉಳಿದುಬಂದಿದೆ. ವಾಚಕರು ಈ ವಿಪರ್ಯಾಸವನ್ನು ಗಮನಿಸಬೇಕು. ತೆಲುಗಿನಿಂದ ಹೋಗಿ, ಇಂಗ್ಲಿಷಿನಲ್ಲಿ ಮೆರೆದು, ಶಾಸ್ತ್ರಜ್ಞರಿಂದ ಬಿಡಲ್ಪಟ್ಟ ಶಬ್ದವನ್ನು ನಮ್ಮ ಮಕ್ಕಳು ಉರು ಹಾಕುತ್ತಾರೆ. ಕಾಲಿಗೆ ಮೆತ್ತಿಕೊಂಡೇ ಶಾಲೆಗೆ ಬಂದ ಎರೆಯನ್ನು ನನ್ನಂಥ ಪಂಡಿತನು ಗ್ರಾಮ್ಯವೆಂದು ತೊಳೆದುಬಿಡುತ್ತಾನೆ.

ರೆಗರ್ ಎಂಬ ಶಬ್ದವನ್ನು ಕಲಿಯಬಾರದೆಂದು ನನ್ನ ಮಾತಲ್ಲ. ಪರೀಕ್ಷೆಗೆ ಅದು ಬೇಕು. ಅದರ ಚರಿತ್ರೆಯೂ ರಮ್ಯವಾದುದು. ಆದರೆ ಆ ಒಂದು ಹೆಸರಿಗೆ ಪ್ರತಿಯಾಗಿ ನಮ್ಮ ಹಿರಿಯರಲ್ಲಿ ಒಂದು ಹೆಸರಿನ ಮನೆತನವೇ ಇದೆ. ಕಪ್ಪು ನೆಲ ಎರೆ, ಕೆಂಪು ನೆಲ ಮಸಾರಿ, ಉಪ್ಪು ಮೇಲೆದ್ದ ನೆಲ ಸವುಳು, ಹರಳು ಬೆರೆತುದು ಗರಸು, ಕಲ್ಲಿನ ದಿನ್ನೆ ಮಡ್ಡಿ. ಇವು ಬರಿಯ ಹೆಸರುಗಳಲ್ಲ. ಎಲ್ಲಿ ಏನನ್ನು ಬಿತ್ತಬೇಕು, ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಮನೆ ಕಟ್ಟಬಾರದು ಎಂಬ ತಿಳಿವಳಿಕೆಯನ್ನು ಕಟ್ಟಿಟ್ಟ ಗಂಟುಗಳು. ಶಬ್ದ ಹೋದಾಗ ಗಂಟೂ ಹೋಗುತ್ತದೆ. ಹಿಂದೆ ಕಾಳು ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಹಗೇವುಗಳನ್ನು ನೆನೆಯಿರಿ. ಈಚಿನ ವರ್ಷಗಳಲ್ಲಿ ನರಗುಂದ ಪಟ್ಟಣದಲ್ಲಿ ಅಲ್ಲಲ್ಲಿ ನೆಲ ಕುಸಿದ ವರದಿಗಳು ಬಂದಾಗ, ಮೇಲೇರಿದ ಅಂತರ್ಜಲದ ಜೊತೆಗೆ ಮರೆತುಹೋದ ಹಳೆಯ ಹಗೇವುಗಳನ್ನೂ ಕಾರಣವಾಗಿ ಹೇಳಿದರು. ಹಗೇವು ಎಂಬ ಮಾತೇ ತಿಳಿಯದ ತಲೆಮಾರಿಗೆ ತನ್ನ ಮನೆಯ ಕೆಳಗೆ ಹಗೇವಿರಬಹುದೆಂಬ ಎಚ್ಚರವಾದರೂ ಎಲ್ಲಿಂದ ಬರಬೇಕು?

ಆದುದರಿಂದ ವಿದ್ಯಾಲಯದ ಹಿತೈಷಿಗಳಲ್ಲಿ ಒಂದು ಬಿನ್ನಹ. ದಾನಿಗಳ ಔದಾರ್ಯದಿಂದ ಕೊಠಡಿಗಳಾಗಿವೆ, ಪುಸ್ತಕಗಳು ಬಂದಿವೆ. ಇನ್ನು ದುಡ್ಡು ಬೇಡದ ಒಂದು ದಾನವನ್ನು ಬೇಡುತ್ತೇನೆ. ಹಳೆಯ ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರ ಬಳಿ ಕುಳಿತು ಮಣ್ಣು, ಮಳೆ, ಬಿತ್ತಿಗೆ, ಎತ್ತು, ಕೂರಿಗೆ, ಕುಂಟೆಗಳಿಗೆ ಸಂಬಂಧಿಸಿದ ಮಾತುಗಳನ್ನು ಅವರು ಆಡಿದಂತೆಯೇ ಬರೆದು, ಯಾವ ಊರಿನಲ್ಲಿ ಕೇಳಿದ್ದೆಂಬುದನ್ನೂ ನಮೂದಿಸಿ ಕಳಿಸಿಕೊಡಲಿ. ನನ್ನ ಸಹೋದ್ಯೋಗಿಗಳಾದ ಅಧ್ಯಾಪಕರು ಅಂಥ ಮಾತು ಮಕ್ಕಳ ಬರವಣಿಗೆಯಲ್ಲಿ ಕಂಡಾಗ ಗೆರೆ ಎಳೆಯುವ ಮುನ್ನ ಒಮ್ಮೆ ಅರ್ಥವನ್ನು ಕೇಳಲಿ. ಐದಾರು ವರ್ಷಗಳಲ್ಲಿ ಈ ಸೀಮೆಯದೇ ಆದ ಒಂದು ಚಿಕ್ಕ ಕೃಷಿಪದಕೋಶವು ಸಿದ್ಧವಾದೀತು. ಕಾಯಕವನ್ನೇ ಹಿರಿದೆಂದ ಪರಂಪರೆಯ ಶಾಲೆಗೆ ಕಾಯಕದ ಮಾತುಗಳನ್ನು ಕಾಪಾಡುವುದು ಹೊರಗಿನ ಕೆಲಸವಲ್ಲ.

ಕೊನೆಗೆ ಆ ಹುಡುಗನ ವಿಷಯ. ಅವನ ಪ್ರಶ್ನೆಗೆ ಉತ್ತರವಿಷ್ಟೆ: ಎರಡೂ ಖರೇ ಶಬ್ದಗಳೇ. ರೇಗಡಿಯು ನೆರೆಯವರ ಒಕ್ಕಲಿಗನ ಶಬ್ದ, ಎರೆಯು ನಿಮ್ಮಪ್ಪನ ಶಬ್ದ. ಒಂದು ಬಹಳ ದೂರ ತಿರುಗಿ ಬಂದಿದೆ. ಇನ್ನೊಂದು ಮನೆಬಿಟ್ಟು ಎಲ್ಲಿಗೂ ಹೋಗಿಲ್ಲ. ಹೋಗಿಲ್ಲವೆಂದ ಮಾತ್ರಕ್ಕೆ ಅದು ಕೀಳಾಗದು. ಅವನ ಪುಸ್ತಕವನ್ನು ಮತ್ತೆ ತರಿಸಿಕೊಂಡು, ನಾನು ಹಿಂದೆ ಬರೆದ ‘ಗ್ರಾಮ್ಯ’ ಎಂಬುದನ್ನು ಹೊಡೆದುಹಾಕಿ, ಅದೇ ಕೆಂಪು ಶಾಯಿಯಿಂದ ‘ದೇಶ್ಯ, ಸಾಧು’ ಎಂದು ತಿದ್ದಿಕೊಟ್ಟಿದ್ದೇನೆ.